ಎಡಗಿವಿ

ಖೋನ್ ಕೇನಿನ ಮೆಡಿಕಲ್ ಕಾಲೇಜಿನ ಹಿಂದಿನ ಗೇಟಿನಲ್ಲಿ
ಅಂಟಕ್ಕಿಯ ಉಂಡೆ ತಟ್ಟಿ, ಮೊಟ್ಟೆ ಸವರಿ,
ಕೆಂಡದ ಮೇಲೆ ತಿರುವಿ ಹಾಕುತ್ತಿದ್ದ ಬುವಾಲೈಗೆ
ಎಡಗಿವಿ ಕೇಳಿಸುತ್ತಿರಲಿಲ್ಲ.
ಗೊತ್ತಿದ್ದ ನಾವು ಬಲಕ್ಕೆ ನಿಂತು ಕೇಳುತ್ತಿದ್ದೆವು.
ಹೊಸ ಹುಡುಗರು ಎಡಕ್ಕೆ ನಿಂತು
ಎರಡು ಅಂದರೆ ಮೂರು ಕಟ್ಟಿಕೊಡುತ್ತಾಳೆಂದು
ಜಗಳ ಕಾಯುತ್ತಿದ್ದರು.

ಓದಿದ್ದು ನಾಲ್ಕನೆಯ ತರಗತಿ.
ದೇಹ ಬರೆದುಕೊಡುವ ದಿನ ನನ್ನ ಪೆನ್ನು ಇಸಿದುಕೊಂಡು
ಅಕ್ಷರಕ್ಕೆ ಅಕ್ಷರ ಕೂಡಿಸಿ ಹೆಸರು ಬರೆದಳು,
ಕೆಳಗೊಂದು ಗೆರೆ ಎಳೆದಳು.
‘ಸುಡುವ ಖರ್ಚು ನಿಮ್ಮದೇ ತಾನೆ?’
‘ನಮ್ಮದೇ’ ಎಂದೆ, ಬಲಗಿವಿಗೆ.
ಪೆನ್ನು ವಾಪಸು ಕೊಡಲಿಲ್ಲ.
ನನ್ನ ಕಡೆಯಿಂದ ನಲವತ್ತು ಬಾತ್ ಬಾಕಿಯಿತ್ತು,
ಅವಳೂ ಕೇಳಲಿಲ್ಲ.

ಈಗ ಏಳನೆಯ ಮೇಜು.
ಮೊದಲ ದಿನ ಮಕ್ಕಳೆಲ್ಲ ಮಂಡಿಯೂರಿ
ಮಲ್ಲಿಗೆ ಇಟ್ಟು ಕ್ಷಮೆ ಕೇಳಿದರು:
ಆಚಾನ್ ಯೈ, ದೊಡ್ಡ ಗುರುವೇ, ಎಂದು.
ಚೌಕಾಸಿ ಮಾಡಿದ ಬಾಯಿಗಳೇ.
ಯಾರ ಕಿವಿಯನ್ನೂ ಹಿಂಡದ ಗುರು,
ತನ್ನದನ್ನೇ ಬಿಚ್ಚಿಕೊಟ್ಟವಳು.

ನಾನು ವೈದ್ಯನಲ್ಲ. ನಳಿಗೆ, ಔಷಧಿಯ ಡಬ್ಬ,
ಮುಖದ ಮೇಲೆ ಒದ್ದೆ ಬಟ್ಟೆ, ರಾತ್ರಿ ಬಾಗಿಲ ಚಿಲಕ,
ಇಷ್ಟೇ ನನ್ನ ವಿದ್ಯೆ, ಇಪ್ಪತ್ತೆರಡು ವರ್ಷದಿಂದ.
ಹೆಂಡತಿ ಇವತ್ತಿಗೂ ಹಿತ್ತಲಲ್ಲೇ ಅಂಗಿ ಬಿಚ್ಚಿಸುತ್ತಾಳೆ.

ಚಳಿಗಾಲದಲ್ಲಿ ಡಾಕ್ಟರ್ ವೊರಾವಿಟ್ ಎಡಗಿವಿ ತೆರೆದರು.
ಒಳಗೆ ಅಕ್ಕಿಯ ನುಚ್ಚಿನಷ್ಟು ಒಂದು ಎಲುಬು,
ಕುದುರೆ ಸವಾರನ ರಿಕಾಪಿನ ಹಾಗೆ.
ಎಲ್ಲರಲ್ಲೂ ಅದು ತೂಗುತ್ತದಂತೆ, ಸದ್ದು ಬಂದಾಗ.
ಅವಳದು ಗೂಡಿನ ಅಂಚಿಗೆ ಕಚ್ಚಿ ಕೂತಿತ್ತು,
ಹಟ ಹಿಡಿದ ಮಗುವಿನಂತೆ.
ಬಲಗಿವಿಯನ್ನು ಯಾರೂ ಹೆಚ್ಚು ಹೊತ್ತು ನೋಡಲಿಲ್ಲ.
ಕೇಳದ ಕಿವಿಗೆ ಮೂವತ್ತು ಮಕ್ಕಳು
ಉಸಿರು ಬಿಗಿಹಿಡಿದು ಕಿವಿಗೊಟ್ಟರು.

ವರ್ಷದ ಕೊನೆಗೆ ಹೊಲಿಗೆ.
ಇಲ್ಲಿ ಒಂದೇ ನಿಯಮ: ತೆಗೆದದ್ದೆಲ್ಲ ವಾಪಸು.
ಚರ್ಮದ ಚೂರು, ಕೊಬ್ಬು, ಉಗುರಿನ ತುಂಡು,
ಏಳನೆಯ ತಟ್ಟೆಯದು ಏಳನೆಯ ಮೇಜಿಗೇ.
ಆ ನುಚ್ಚು ಇರಲಿಲ್ಲ.

ನಿಚಾಪತ್ ಎಂಬ ಹುಡುಗಿ, ಅದು ಅವಳ ಪಾಲಿನ ಕೆಲಸ,
ಟಾರ್ಚು ಹಿಡಿದು ನೆಲದ ಮೇಲೆ ತೆವಳಿದಳು,
ಮೋರಿಯ ಜಾಲರಿ ಬಿಚ್ಚಿಸಿದಳು,
ಕಸದ ಚೀಲದ ಕೈಗವಸು ಒಂದೊಂದನ್ನೇ ಒಳಹೊರಗು ಮಾಡಿದಳು.
ರಾತ್ರಿ ಎರಡಾಯಿತು.
‘ಗುರು ಅರೆಬರೆಯಾಗಿ ಸುಟ್ಟುಹೋದರೆ
ಮುಂದಿನ ಜನ್ಮಕ್ಕೂ ಕಿವುಡಾಗಿಯೇ ಹುಟ್ಟಿದರೆ?’
ನನ್ನ ಊಟದ ಬುಟ್ಟಿಯಲ್ಲಿ ಅಂಟನ್ನವಿತ್ತು.

ನನಗೇ ಗೊತ್ತಿಲ್ಲ ಹೇಗೆ ಕೈ ಹೋಯಿತೆಂದು.
ಅರ್ಧ ಅಗುಳು. ಬೆರಳಲ್ಲಿ ಹಿಚುಕಿ, ತಟ್ಟೆಯಂಚಿಗಿಟ್ಟು,
‘ಇಲ್ಲೇ ಇದೆಯಲ್ಲ’ ಎಂದೆ.

ಚಿಮಟದಲ್ಲಿ ಎತ್ತಿದಳು.
ಬಿಡಿಸಿದರೆ ಬಿಡಲಿಲ್ಲ ಅದು, ಅಂಟಿಕೊಂಡಿತು.
ಎಲುಬು ಅಂಟುವುದಿಲ್ಲ; ವರ್ಷಪೂರ್ತಿ ಓದಿದವಳು ಅವಳು.
ನನ್ನ ಮುಖ ನೋಡಿದಳು.
ಗೋಡೆಯ ಗಡಿಯಾರ ನೋಡಿದಳು.
ಆಮೇಲೆ ಕಿವಿಯೊಳಗಿಟ್ಟು, ಹೊಲಿದಳು,
ಅವಸರವಿಲ್ಲದೆ, ಸಣ್ಣ ಸಣ್ಣ ಹೊಲಿಗೆ.

ಸುಡುವ ದಿನ ಬಿಸಿಲಿತ್ತು.
ಬಿಳಿ ಬಟ್ಟೆಯ ಮಕ್ಕಳ ಸಾಲು,
ಕೈಯಲ್ಲಿ ಚಂದನದ ಚಕ್ಕೆಯ ಹೂ.
ಎಲ್ಲರೂ ಎಡಗಡೆಯಿಂದಲೇ ಬಂದು ಏನೋ ಪಿಸುಗುಟ್ಟಿ ಹೋದರು,
ಮೆಟ್ಟಿಲು ಇದ್ದದ್ದು ಆ ಕಡೆಗೇ.

ನನ್ನ ಸರದಿ ಬಂದಾಗ ಸುತ್ತು ಹಾಕಿ
ಬಲಕ್ಕೆ ಹೋಗಿ ನಿಂತೆ.
ನಲವತ್ತು ಬಾತ್ ಅಂದೆ. ಪೆನ್ನು ಅಂದೆ.
ಅಗುಳಿನ ಮಾತು ಗಂಟಲಿಗೆ ಬಂದು ಕೂತಿತು.
ಹಿಂದಿನಿಂದ ಯಾರೋ ಮೆಟ್ಟಿಲು ಬಿಟ್ಟು
ಬಲಗಡೆಗೇ ಬರುತ್ತಿದ್ದರು.